ಮೂವರು ಮಂಜುನಾಥರು, ಒಂದು ಸಮುದ್ರ

ಒಂದೇ ಟೀಮಿನಲ್ಲಿ ಮೂವರು ಮಂಜುನಾಥರಿದ್ದರೆ ಏನಾಗುತ್ತೆ ಅಂತ ಆಫೀಸಿಗೆ ಹೋಗೋರಿಗೆ ಬಿಡಿಸಿ ಹೇಳಬೇಕಿಲ್ಲ. ಒಬ್ಬ ಮಾಡಿದ ಕೆಲಸಕ್ಕೆ ಇನ್ನೊಬ್ಬನಿಗೆ ಶಹಬ್ಬಾಸ್, ಅವನ ಎಡವಟ್ಟಿಗೆ ಮೂರನೆಯವನಿಗೆ ಬೈಗುಳ. ಉತ್ತರ ಯುರೋಪಿನ ಬಾಲ್ಟಿಕ್ ಸಮುದ್ರದಲ್ಲಿ ಒಂದು ಹುಳುವಿನ ವಿಷಯದಲ್ಲೂ ಹೀಗೇ ಆಯಿತು.

ಹುಳುವಿನ ಹೆಸರು ಮಾರೆನ್‌ಜೆಲ್ಲೇರಿಯಾ. ನಮ್ಮ ಎರೆಹುಳುವಿನ ದೂರದ ನೆಂಟ. ಸಮುದ್ರದ ಕೆಸರಲ್ಲಿ ಬಿಲ ತೋಡಿ ಬದುಕುತ್ತೆ. ಬಾಲ್ಟಿಕ್‌ಗೆ ಹೊರಗಿನದು. ಹಡಗುಗಳು ಸಮತೋಲನಕ್ಕೆ ತುಂಬಿಕೊಳ್ಳೋ ನೀರಿನಲ್ಲಿ ಇದರ ಮರಿಗಳು ಬಂದಿರಬೇಕು ಅನ್ನೋದು ತಜ್ಞರ ಅಂದಾಜು. 1985ರಲ್ಲಿ ಜರ್ಮನಿಯ ತೀರದಲ್ಲಿ ಸಿಕ್ಕಿತು. ಕೆಲವೇ ವರ್ಷಗಳಲ್ಲಿ ಫಿನ್ಲೆಂಡ್ ಮುಟ್ಟಿತು. ಎಲ್ಲರೂ ಅದನ್ನು ‘ವಿರಿಡಿಸ್’ ಅಂತಲೇ ಬರೆದುಕೊಂಡರು.

2004ರಲ್ಲಿ ಸಿಕೋರ್ಸ್ಕಿ ಮತ್ತು ಬಿಕ್ ಈ ಕುಲವನ್ನು ಮತ್ತೆ ಪರಿಶೀಲಿಸಿ ಹೊಸ ಪ್ರಭೇದವೊಂದನ್ನು ಗುರುತಿಸಿದರು. ಇಟ್ಟ ಹೆಸರು ‘ನೆಗ್ಲೆಕ್ಟಾ’, ಅಂದರೆ ಕಡೆಗಣಿಸಲ್ಪಟ್ಟದ್ದು! ಮುಂದೆ ಡಿಎನ್‌ಎ ನೋಡಿದಾಗ ಬಾಲ್ಟಿಕ್‌ನಲ್ಲಿ ಮೂರು ಪ್ರಭೇದ ಇರೋದು ಖಾತ್ರಿಯಾಯಿತು: ವಿರಿಡಿಸ್, ನೆಗ್ಲೆಕ್ಟಾ, ಆರ್ಕ್ಟಿಯಾ.

ಕಣ್ಣಲ್ಲೇ ಗುರುತಿಸೋಕಾಗಲ್ವಾ? ಸೂಕ್ಷ್ಮದರ್ಶಕ ಬೇಕು. ತಲೆಯ ಹಿಂದಿನ ಸಂವೇದನಾ ಅಂಗ ಎಷ್ಟನೇ ಉಂಗುರದವರೆಗೆ ಚಾಚಿದೆ, ಕಿವಿರು ಎಲ್ಲಿಗೆ ನಿಲ್ಲುತ್ತೆ, ಕೊಕ್ಕೆಯಂಥ ಬಿರುಗೂದಲು ಎಲ್ಲಿಂದ ಶುರು ಅಂತ ಎಣಿಸಬೇಕು. ಆದರೆ ಕೆಸರನ್ನು ಜರಡಿ ಹಿಡಿಯುವಾಗ ಹುಳು ತುಂಡಾಗುತ್ತೆ. ಬಾಲವೇ ಇಲ್ಲದಿದ್ದರೆ ಮೈಯ ಎಷ್ಟು ಪಾಲಿನಲ್ಲಿ ಕಿವಿರಿದೆ ಅಂತ ಹೇಗೆ ಹೇಳೋದು? ಮರಿಗಳಲ್ಲಂತೂ ಲಕ್ಷಣಗಳು ಬಲಿತೇ ಇರಲ್ಲ. ಆಗ ಡಿಎನ್‌ಎಯೇ ಗತಿ.

ಇಷ್ಟೊಂದು ತಲೆನೋವು ಯಾಕೆ ಅಂತೀರಾ? ಬಾಲ್ಟಿಕ್‌ನ ತಳದಲ್ಲಿ ಆಮ್ಲಜನಕದ ಬರ. ಕೆಸರಿನಿಂದ ರಂಜಕ ಹೊರಬಂದು ಪಾಚಿಗೆ ಗೊಬ್ಬರವಾಗುತ್ತೆ. ಈ ಹುಳುಗಳು ಬಿಲ ತೋಡಿದಾಗ ಆಮ್ಲಜನಕ ಒಳಗಿಳಿದು, ರಂಜಕ ಕಬ್ಬಿಣದ ಜೊತೆ ಕೆಸರಲ್ಲೇ ಉಳಿಯಬಹುದು. ಒಳ್ಳೇದೇ. ಆದರೆ ಅದೇ ತೋಡುವಿಕೆಯಿಂದ ಹೂತುಹೋದ ವಿಷವಸ್ತುಗಳೂ ಮೇಲೆ ಬರಬಹುದು. ಅದರಲ್ಲೂ ವಿರಿಡಿಸ್ ಒಂದಡಿಗೂ ಆಳಕ್ಕೆ ಇಳಿಯಬಲ್ಲದು. ಆರ್ಕ್ಟಿಯಾ ಅಷ್ಟು ಇಳಿಯಲ್ಲ. ಯಾರು ಅಂತ ಗೊತ್ತಿಲ್ಲದೆ ಲಾಭ ನಷ್ಟದ ಲೆಕ್ಕ ಹಾಕೋದು ಹೇಗೆ?

ಹಾಗಾಗಿ ‘ಹೊರಗಿನದು, ಕೆಟ್ಟದ್ದು’ ಅನ್ನೋ ಅವಸರದ ತೀರ್ಪು ನನಗೆ ಒಪ್ಪಿಗೆಯಿಲ್ಲ. ‘ಸಮುದ್ರ ಉಳಿಸೋ ಹುಳು’ ಅನ್ನೋ ಹೊಗಳಿಕೆಯೂ ಅಷ್ಟೇ. ಖಾತ್ರಿಯಿಲ್ಲದಾಗ ಎಚ್ಚರದ ಸಂಶೋಧಕರು ಪ್ರಭೇದದ ಹೆಸರು ಬಿಟ್ಟು ಕುಲದ ಹೆಸರಷ್ಟೇ ಬರೀತಾರೆ. ‘ಮಂಜುನಾಥರಲ್ಲೊಬ್ಬ’ ಅಂದ ಹಾಗೆ. ತಪ್ಪು ಇನಿಷಿಯಲ್ ಹಾಕೋದಕ್ಕಿಂತ ಅದು ಎಷ್ಟೋ ಮೇಲು.