ಒಬ್ಬನೇ ಶಾಸಕ, ಅವನೇ ಮೂರನೇ ಎರಡು



ಪಕ್ಷಾಂತರ ಎಂದ ಕೂಡಲೇ ನಮ್ಮ ರಾಜ್ಯದವರಿಗೆ ನೆನಪಾಗುವುದು 2019ರ ಜುಲೈ ತಿಂಗಳು. ಮುಂಬೈ ಹೋಟೆಲು, ಸಾಲು ಸಾಲು ರಾಜೀನಾಮೆ, ಸ್ಪೀಕರ್ ರಮೇಶ್ ಕುಮಾರ್ ಅವರ ಆದೇಶ, 17 ಶಾಸಕರ ಅನರ್ಹತೆ. ಇದರ ಬಗ್ಗೆ ಪತ್ರಿಕೆಗಳು ಪುಟಗಟ್ಟಲೆ ಬರೆದವು. ಅದೇ ಸದನಕ್ಕೆ ಸಣ್ಣ ಪಕ್ಷಗಳಿಂದ ಗೆದ್ದು ಬಂದಿದ್ದವರು ಇಬ್ಬರೇ ಇಬ್ಬರು. ಅವರ ನಡೆಯನ್ನು ಮಾತ್ರ ಯಾರೂ ಅಷ್ಟಾಗಿ ಪ್ರಶ್ನಿಸಲಿಲ್ಲ. ‘ಒಬ್ಬನೇ ಶಾಸಕ, ಅಲ್ಲಿದ್ದು ತಾನೇ ಏನು ಮಾಡಿಯಾನು? ಆಡಳಿತ ಪಕ್ಷ ಸೇರಿದರೆ ಕ್ಷೇತ್ರಕ್ಕೆ ಅನುದಾನವಾದರೂ ಬರುತ್ತದೆ’ ಎಂದು ನಾವೇ ಸಮಾಧಾನ ಹೇಳಿಕೊಳ್ಳುತ್ತೇವೆ. ಈ ಉದಾರತೆಗೆ ನನ್ನ ತಕರಾರಿದೆ.

ರಾಣೆಬೆನ್ನೂರನ್ನೇ ನೋಡಿ. 2018ರಲ್ಲಿ ಅಲ್ಲಿಯ ಜನ ಆಗಿನ ಸ್ಪೀಕರ್, ಕಾಂಗ್ರೆಸ್ಸಿನ ಕೆ.ಬಿ. ಕೋಳಿವಾಡ ಅವರನ್ನು ಸೋಲಿಸಿ ಕರ್ನಾಟಕ ಪ್ರಜ್ಞಾವಂತ ಜನತಾ ಪಕ್ಷದ ಆರ್. ಶಂಕರ್ ಅವರನ್ನು ಗೆಲ್ಲಿಸಿದರು. ಶಂಕರ್ ಮೈತ್ರಿ ಸರ್ಕಾರದಲ್ಲಿ ಅರಣ್ಯ ಸಚಿವರಾದರು. ಡಿಸೆಂಬರಿನಲ್ಲಿ ಸಂಪುಟದಿಂದ ಹೊರಬಿದ್ದರು, ಜನವರಿಯಲ್ಲಿ ಬೆಂಬಲ ಹಿಂಪಡೆದರು, ಜೂನ್‌ನಲ್ಲಿ ತಮ್ಮ ಪಕ್ಷವನ್ನು ಕಾಂಗ್ರೆಸ್ಸಿನಲ್ಲಿ ವಿಲೀನ ಮಾಡುವುದಾಗಿ ಪತ್ರ ಕೊಟ್ಟು ಮತ್ತೆ ಸಚಿವರಾದರು. ಕಾಂಗ್ರೆಸ್ ಬೇಡ ಎಂದು ಮತ ಹಾಕಿದ್ದ ಕ್ಷೇತ್ರಕ್ಕೆ ಒಂದು ವರ್ಷದಲ್ಲಿ ಕಾಂಗ್ರೆಸ್ ಶಾಸಕ ಸಿಕ್ಕಂತಾಯಿತು. ಆಗ ಕಾನೂನು ತುಟಿ ಬಿಚ್ಚಲಿಲ್ಲ. ಮರು ತಿಂಗಳೇ ಅವರು ಕಾಂಗ್ರೆಸ್ಸನ್ನೂ ಬಿಟ್ಟಾಗ ಮಾತ್ರ ಅನರ್ಹರಾದರು. ಆ 17 ಮಂದಿಯಲ್ಲಿ ಅವರೂ ಒಬ್ಬರು, ಅದೂ ಕಾಂಗ್ರೆಸ್ಸಿನವರೆಂಬ ಲೆಕ್ಕದಲ್ಲಿ. ಸಣ್ಣ ಪಕ್ಷವನ್ನು ಬಿಟ್ಟದ್ದಕ್ಕೆ ಸಿಕ್ಕಿದ್ದು ಮಂತ್ರಿಗಿರಿ, ದೊಡ್ಡ ಪಕ್ಷವನ್ನು ಬಿಟ್ಟದ್ದಕ್ಕೆ ಸಿಕ್ಕಿದ್ದು ಶಿಕ್ಷೆ! ಆ ಶಿಕ್ಷೆಯಾದರೂ ಎಷ್ಟು ದಿನದ್ದು? 2020ರಲ್ಲಿ ವಿಧಾನ ಪರಿಷತ್ತು, 2021ರಲ್ಲಿ ಬಿಜೆಪಿ ಸರ್ಕಾರದಲ್ಲಿ ಮತ್ತೆ ಸಚಿವ ಸ್ಥಾನ.

ಈ ವಿಚಿತ್ರಕ್ಕೆ ಕಾರಣ ಕಾನೂನಿನಲ್ಲೇ ಇದೆ. 1985ರಲ್ಲಿ 52ನೇ ತಿದ್ದುಪಡಿಯ ಮೂಲಕ ಸಂವಿಧಾನಕ್ಕೆ ಹತ್ತನೇ ಅನುಸೂಚಿ ಸೇರಿತು. ಮೂರನೇ ಒಂದರಷ್ಟು ಸದಸ್ಯರು ಹೊರಟರೆ ಅದು ‘ಒಡಕು’, ಪಕ್ಷಾಂತರವಲ್ಲ ಎಂಬ ಸವಲತ್ತು ಮೊದಲು ಇತ್ತು. ಅದು ದುರುಪಯೋಗವಾಗುತ್ತಿದೆ ಎಂದು 2003ರ 91ನೇ ತಿದ್ದುಪಡಿಯಲ್ಲಿ ತೆಗೆದರು. ಆದರೆ ಶಾಸಕಾಂಗ ಪಕ್ಷದ ಮೂರನೇ ಎರಡರಷ್ಟು ಮಂದಿ ಒಪ್ಪಿದರೆ ‘ವಿಲೀನ’ ಎನ್ನುವ ನಾಲ್ಕನೇ ಪ್ಯಾರಾ ಹಾಗೇ ಉಳಿಯಿತು. ಈಗ ಲೆಕ್ಕ ಹಾಕಿ. 80 ಶಾಸಕರಿರುವ ಪಕ್ಷವನ್ನು ವಿಲೀನದ ಹೆಸರಿನಲ್ಲಿ ಬಿಡಬೇಕಾದರೆ 54 ಮಂದಿ ಒಟ್ಟಿಗೆ ಹೊರಡಬೇಕು. ಅಷ್ಟು ಜನರನ್ನು ಒಂದೇ ಬಸ್ಸಿಗೆ ಹತ್ತಿಸುವುದು ಸುಲಭವಲ್ಲ. ಮೂವರಿರುವ ಪಕ್ಷದಲ್ಲಿ ಇಬ್ಬರು ಸಾಕು. ಒಬ್ಬನೇ ಇದ್ದರೆ? ರಾತ್ರಿ ಯೋಚಿಸಿ ಬೆಳಿಗ್ಗೆ ಸಹಿ ಹಾಕಿದರಾಯಿತು. ಪಕ್ಷ ಚಿಕ್ಕದಾದಷ್ಟೂ ಕಾನೂನಿನ ಕಾವಲು ತೆಳುವಾಗುತ್ತದೆ.

ಇದು ಕರ್ನಾಟಕದ್ದಷ್ಟೇ ಕಥೆಯಲ್ಲ. ರಾಜಸ್ಥಾನದಲ್ಲಿ 2018ರಲ್ಲಿ ಗೆದ್ದ ಬಿಎಸ್‌ಪಿಯ ಆರೂ ಶಾಸಕರು ಮರು ವರ್ಷ ಸಾರಾಸಗಟಾಗಿ ಕಾಂಗ್ರೆಸ್ ಸೇರಿದರು. 2009ರಲ್ಲೂ ಅಲ್ಲಿ ಅದೇ ಆಗಿತ್ತು, ಆಗಲೂ ಆರೇ ಮಂದಿ. ರಾಷ್ಟ್ರೀಯ ಪಕ್ಷವೊಂದು ಒಂದು ರಾಜ್ಯದಲ್ಲಿ ಮಾತ್ರ ವಿಲೀನವಾಗುವುದು ಹೇಗೆ ಎಂದು ಬಿಎಸ್‌ಪಿ ಕೇಳಿದ ಪ್ರಶ್ನೆ ನ್ಯಾಯವಾದದ್ದೇ. ಆದರೆ ಯಾರ ಸದಸ್ಯತ್ವವೂ ಹೋಗಲಿಲ್ಲ. ಬಿಹಾರದಲ್ಲಿ 2022ರ ಮಾರ್ಚ್‌ನಲ್ಲಿ ವಿಕಾಸಶೀಲ ಇನ್ಸಾನ್ ಪಾರ್ಟಿಯ ಮೂವರೂ ಬಿಜೆಪಿಗೆ ಹೋದರು. ಜೂನ್‌ನಲ್ಲಿ ಎಐಎಂಐಎಂನ ಐವರಲ್ಲಿ ನಾಲ್ವರು ಆರ್‌ಜೆಡಿಗೆ ಹೋದರು. ಯಾವ ಬಣದ ದೊಡ್ಡ ಪಕ್ಷಕ್ಕೂ ಈ ವಿಷಯದಲ್ಲಿ ಮಡಿವಂತಿಕೆಯಿಲ್ಲ.

ಇನ್ನು ನಮ್ಮ ಕೊಳ್ಳೇಗಾಲ. ಹಿಂದೆ ಸೋತಿದ್ದರೂ ಎದೆಗುಂದದೆ ಊರೂರು ಸುತ್ತಿ ಬಿಎಸ್‌ಪಿ ಕಟ್ಟಿದ್ದ ಎನ್. ಮಹೇಶ್ 2018ರಲ್ಲಿ ಗೆದ್ದಾಗ ಅದು ಒಬ್ಬ ಅಭ್ಯರ್ಥಿಯ ಗೆಲುವಷ್ಟೇ ಆಗಿರಲಿಲ್ಲ. ಗೋಡೆಗೆ ಆನೆಯ ಚಿತ್ರ ಬರೆದವರು, ಕೂಲಿ ಬಿಟ್ಟು ಪ್ರಚಾರಕ್ಕೆ ಹೋದವರು ಗೆದ್ದಿದ್ದರು. ಶಿಕ್ಷಣ ಸಚಿವರಾದ ಅವರು ಅಕ್ಟೋಬರಿನಲ್ಲೇ ರಾಜೀನಾಮೆ ಕೊಟ್ಟರು. 2019ರ ಜುಲೈ 23ರ ವಿಶ್ವಾಸಮತದ ದಿನ ಸದನಕ್ಕೆ ಹೋಗಲಿಲ್ಲ. ಸರ್ಕಾರ 99–105ರಲ್ಲಿ ಬಿತ್ತು, ಮಹೇಶ್ ಅವರನ್ನು ಬಿಎಸ್‌ಪಿ ನಾಯಕಿ ಮಾಯಾವತಿ ಉಚ್ಚಾಟಿಸಿದರು. 2021ರ ಆಗಸ್ಟ್‌ನಲ್ಲಿ ಮಹೇಶ್ ಬಿಜೆಪಿ ಸೇರಿದರು.

ಅವರ ಪರವಾಗಿಯೂ ಒಂದು ಮಾತು ಹೇಳಬೇಕು. ತಟಸ್ಥವಾಗಿರಿ ಎಂದು ಪಕ್ಷವೇ ಮೊದಲು ಸೂಚಿಸಿತ್ತೆಂದು ಅವರು ಹೇಳಿದ್ದರು. ಇದ್ದ ಒಬ್ಬ ಶಾಸಕನನ್ನು ಒಂದೇ ದಿನದಲ್ಲಿ, ಟ್ವಿಟರಿನಲ್ಲಿ ಹೊರಹಾಕುವ ಹೈಕಮಾಂಡಿಗೆ ನಿಷ್ಠೆಯ ಪಾಠ ಹೇಳುವ ಅರ್ಹತೆ ಎಷ್ಟಿದೆ? ಸಣ್ಣ ಪಕ್ಷಗಳ ನಾಯಕರು ಇದಕ್ಕೆ ಉತ್ತರ ಹೇಳಬೇಕು. ಆದರೆ ಪಕ್ಷ ಕೈಬಿಟ್ಟಿತು ಎಂದರೆ ಮತದಾರ ಕೈಬಿಟ್ಟ ಎಂದಲ್ಲ. 1996ರ ಜಿ. ವಿಶ್ವನಾಥನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದೂ ಇದಕ್ಕೆ ಹತ್ತಿರದ್ದೇ: ಉಚ್ಚಾಟಿತನಾದವನು ಶಾಸಕಾಂಗದ ಮಟ್ಟಿಗೆ ತನ್ನನ್ನು ಗೆಲ್ಲಿಸಿದ ಪಕ್ಷದವನೇ, ಬೇರೆ ಪಕ್ಷ ಸೇರಿದರೆ ಅನರ್ಹ. ಹೀಗಿದ್ದೂ ಕೊಳ್ಳೇಗಾಲದ ಶಾಸಕತ್ವಕ್ಕೆ ಏನೂ ಆಗಲಿಲ್ಲ. 2023ರವರೆಗೆ ಅದು ನಡೆಯಿತು.

ಮತದಾರರು ಬುದ್ಧಿ ಕಲಿಸಿದರಲ್ಲ ಎನ್ನಬಹುದು. ನಿಜ, 2023ರಲ್ಲಿ ಮಹೇಶ್ ಭಾರಿ ಅಂತರದಿಂದ ಸೋತರು. ಗೆದ್ದವರು ಎ.ಆರ್. ಕೃಷ್ಣಮೂರ್ತಿ. 2004ರಲ್ಲಿ ನಮ್ಮ ಜಿಲ್ಲೆಯ ಸಂತೇಮರಹಳ್ಳಿಯಲ್ಲಿ ಒಂದೇ ಒಂದು ಮತದಿಂದ ಸೋತಿದ್ದವರು ಇವರೇ. ಮತದ ಬೆಲೆಯನ್ನು ನಮ್ಮ ಕಡೆಯವರಿಗೆ ಹೊಸದಾಗಿ ಹೇಳಿಕೊಡಬೇಕಿಲ್ಲ. ಆದರೆ ಮತದಾರರ ಶಿಕ್ಷೆಯನ್ನು ನಂಬಿ ಕೂರಲಾಗದು. 2019ರ ಡಿಸೆಂಬರಿನ 15 ಉಪಚುನಾವಣೆಗಳಲ್ಲಿ ಬಿಜೆಪಿ 12 ಗೆದ್ದಿತು, ಗೆದ್ದವರಲ್ಲಿ ಹೆಚ್ಚಿನವರು ಆಗಷ್ಟೇ ಪಕ್ಷ ಬದಲಿಸಿ ಬಂದವರು. ಒಂದು ವ್ಯತ್ಯಾಸವನ್ನು ಮಾತ್ರ ಒಪ್ಪಬೇಕು. ಅವರು ಮತ್ತೆ ಜನರ ಮುಂದೆ ನಿಲ್ಲಲೇಬೇಕಾಯಿತು. ವಿಲೀನದ ಬಾಗಿಲಿನಿಂದ ಹೋದವರಿಗೆ ಆ ಕಷ್ಟವೂ ಇಲ್ಲ. 2023ರಲ್ಲಿ ಗಂಗಾವತಿಯಲ್ಲಿ ತಮ್ಮದೇ ಕಲ್ಯಾಣ ರಾಜ್ಯ ಪ್ರಗತಿ ಪಕ್ಷದಿಂದ ಗೆದ್ದ ಜನಾರ್ದನ ರೆಡ್ಡಿ 2024ರ ಮಾರ್ಚ್‌ನಲ್ಲಿ ಅದನ್ನು ಬಿಜೆಪಿಯಲ್ಲಿ ವಿಲೀನಗೊಳಿಸಿದರು. ಬಿಜೆಪಿ ಅಭ್ಯರ್ಥಿಯ ವಿರುದ್ಧ ಅವರಿಗೆ ಮತ ಹಾಕಿದವರನ್ನು ಯಾರೂ ಕೇಳಲಿಲ್ಲ.

ಸಣ್ಣ ಪಕ್ಷದಲ್ಲಿದ್ದು ಕೆಲಸ ಮಾಡಲಾಗದು ಎಂಬ ಮಾತನ್ನೂ ನಾನು ಒಪ್ಪುವುದಿಲ್ಲ. ಕೆ.ಎಸ್. ಪುಟ್ಟಣ್ಣಯ್ಯ 2013ರಲ್ಲಿ ಸರ್ವೋದಯ ಕರ್ನಾಟಕ ಪಕ್ಷದಿಂದ ಮೇಲುಕೋಟೆಯಲ್ಲಿ ಗೆದ್ದರು, ಸದನದಲ್ಲಿ ಒಬ್ಬರೇ ಇದ್ದರು. ರೈತರ ಮಾತನ್ನು ಒಬ್ಬರೇ ಆಡಿದರು. 2018ರ ಫೆಬ್ರುವರಿಯಲ್ಲಿ ತೀರಿಕೊಳ್ಳುವವರೆಗೂ ಯಾವ ಆಡಳಿತ ಪಕ್ಷದ ಬಾಗಿಲನ್ನೂ ತಟ್ಟಲಿಲ್ಲ. ಬೆಂಬಲ ಕೊಡುವುದು ಬೇರೆ, ಬಾವುಟ ಬದಲಿಸುವುದು ಬೇರೆ. ಮೊದಲನೆಯದಕ್ಕೆ ನನ್ನ ಆಕ್ಷೇಪವಿಲ್ಲ.

ವಿಲೀನದ ಈ ಸವಲತ್ತನ್ನೂ ತೆಗೆಯಬೇಕೆಂದು ಕಾನೂನು ಆಯೋಗ 1999ರಲ್ಲೇ ತನ್ನ 170ನೇ ವರದಿಯಲ್ಲಿ ಹೇಳಿತ್ತು. ಒಡಕಿನ ಪ್ಯಾರಾ ಹೋಯಿತು, ವಿಲೀನದ್ದು ಉಳಿಯಿತು. ಅದರಿಂದ ಲಾಭ ಯಾರಿಗೆ ಎಂಬುದನ್ನು ಮೇಲಿನ ಉದಾಹರಣೆಗಳೇ ಹೇಳುತ್ತವೆ. ಅನರ್ಹತೆಯ ತೀರ್ಮಾನವನ್ನು ಸ್ಪೀಕರ್ ಕೈಯಿಂದ ತೆಗೆದು ಶಾಶ್ವತ ನ್ಯಾಯಮಂಡಳಿಗೆ ಕೊಡುವ ಬಗ್ಗೆ ಸಂಸತ್ತು ಯೋಚಿಸಲಿ ಎಂದು 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಮಾತೂ ಹಾಗೇ ಬಿದ್ದಿದೆ. ಕರ್ನಾಟಕದಿಂದ 28 ಮಂದಿ ಲೋಕಸಭೆಗೆ ಹೋಗಿದ್ದಾರೆ. ಅವರಲ್ಲಿ ಒಬ್ಬರಾದರೂ ನಾಲ್ಕನೇ ಪ್ಯಾರಾವನ್ನು ಕಿತ್ತುಹಾಕುವ ಖಾಸಗಿ ಮಸೂದೆ ಮಂಡಿಸಲಿ. ಅದು ಬಿದ್ದುಹೋದರೂ ಸರಿ, ಯಾರು ಯಾರು ವಿರೋಧಿಸಿದರೆಂದು ನಮಗೆ ತಿಳಿಯುತ್ತದೆ.

— ಓದುಗ, ಯಳಂದೂರು