ಪಡೆ ತಲುಪುವ ಮುನ್ನ

ಜಗತ್ತಿನ ಯಾವ ಮೂಲೆಯಲ್ಲಿ ಅಮಾಯಕರ ರಕ್ತ ಹರಿದರೂ ‘ವಿಶ್ವಸಂಸ್ಥೆ ಏನು ಮಾಡುತ್ತಿದೆ?’ ಎಂಬ ಪ್ರಶ್ನೆ ಏಳುತ್ತದೆ. ಪ್ರಶ್ನೆ ನ್ಯಾಯವಾದುದೇ. ಆದರೆ ವಿಶ್ವಸಂಸ್ಥೆಗೆ ಸ್ವಂತ ಸೈನ್ಯವಿಲ್ಲ ಎಂಬುದನ್ನು ನಾವು ಮರೆಯುತ್ತೇವೆ. ಭದ್ರತಾ ಮಂಡಳಿಯು ನಿರ್ಣಯ ಅಂಗೀಕರಿಸಿದ ಬಳಿಕ ಸದಸ್ಯ ರಾಷ್ಟ್ರಗಳ ಬಾಗಿಲು ತಟ್ಟಬೇಕು. ಒಬ್ಬರು ಯೋಧರನ್ನು ಕೊಟ್ಟರೆ ವಾಹನಗಳನ್ನು ಇನ್ನೊಬ್ಬರಲ್ಲಿ ಕೇಳಬೇಕು, ವಿಮಾನವನ್ನು ಮತ್ತೊಬ್ಬರಲ್ಲಿ. ಅನಂತರ ಬಂದರು, ರಸ್ತೆ, ಇಂಧನ, ಕುಡಿಯುವ ನೀರು. ನಿರ್ಣಯ ಒಂದು ದಿನದ ಕೆಲಸ. ಪಡೆಯನ್ನು ತಲುಪಿಸುವುದು ತಿಂಗಳುಗಳ ಕೆಲಸ. ಕೊಲೆಗಾರರಿಗೆ ಈ ಅಂತರ ಚೆನ್ನಾಗಿ ಗೊತ್ತು.

ರುವಾಂಡಕ್ಕೆ 5,500 ಯೋಧರನ್ನು ಕಳುಹಿಸಲು 1994ರ ಮೇ 17ರಂದು ಒಪ್ಪಿಗೆ ದೊರೆಯಿತು. ಜುಲೈ ಅಂತ್ಯಕ್ಕೆ ಅಲ್ಲಿದ್ದವರು ಸುಮಾರು 500 ಮಂದಿ. ಅಷ್ಟರಲ್ಲಿ ನರಮೇಧ ಮುಗಿದಿತ್ತು. ಬೋಸ್ನಿಯಾದ ‘ಸುರಕ್ಷಿತ ಪ್ರದೇಶ’ಗಳ ರಕ್ಷಣೆಗೆ 34,000 ಯೋಧರು ಬೇಕೆಂದು ಸೇನಾಧಿಕಾರಿಗಳು ಹೇಳಿದರೆ ಮಂಡಳಿ ಒಪ್ಪಿದ್ದು 7,600ಕ್ಕೆ. 1995ರ ಜುಲೈಯಲ್ಲಿ ಸ್ರೆಬ್ರೆನಿಕಾ ಪತನಗೊಂಡಾಗ ಅಲ್ಲಿದ್ದ ಡಚ್ ತುಕಡಿಗೆ ಇಂಧನವೂ ಸಾಲದಾಗಿತ್ತು. ಸರಬರಾಜಿನ ದಾರಿಯನ್ನು ಸರ್ಬ್ ಪಡೆಗಳು ತಡೆದಿದ್ದವು. ಎಂಟು ಸಾವಿರಕ್ಕೂ ಹೆಚ್ಚು ಮುಸ್ಲಿಮರ ಹತ್ಯೆ ನಡೆಯಿತು. 2007ರಲ್ಲಿ ದಾರ್‌ಫುರ್‌ಗೆ 26,000 ಮಂದಿಯ ಪಡೆ ಘೋಷಣೆಯಾಯಿತು. ಸಾಮಗ್ರಿಗಳು ಕೆಂಪು ಸಮುದ್ರದ ಬಂದರಿನಿಂದ ಸಾವಿರಕ್ಕೂ ಹೆಚ್ಚು ಕಿಲೋಮೀಟರ್ ದೂರ ಸಾಗಬೇಕಿತ್ತು. ಕೇಳಿದ ಹೆಲಿಕಾಪ್ಟರ್‌ಗಳನ್ನು ಕೊಡಲು ಬಹುಕಾಲ ಯಾವ ಶ್ರೀಮಂತ ರಾಷ್ಟ್ರವೂ ಮುಂದೆ ಬರಲಿಲ್ಲ.

ತಲುಪುವ ದಾರಿಯಲ್ಲಿ ರಾಜಕೀಯವೂ ಅಡ್ಡ ಬರುತ್ತದೆ. 1953ರಲ್ಲಿ ಕೊರಿಯಾದ ಯುದ್ಧಕೈದಿಗಳ ವಿಚಾರವನ್ನು ಇತ್ಯರ್ಥಪಡಿಸುವ ತಟಸ್ಥ ರಾಷ್ಟ್ರಗಳ ಆಯೋಗಕ್ಕೆ ನಮ್ಮ ಕೊಡಗಿನ ಜನರಲ್ ಕೆ.ಎಸ್. ತಿಮ್ಮಯ್ಯನವರು ಅಧ್ಯಕ್ಷರಾಗಿದ್ದರು. ಭಾರತೀಯ ಯೋಧರು ತನ್ನ ನೆಲದಲ್ಲಿ ಕಾಲಿಡಕೂಡದೆಂದು ದಕ್ಷಿಣ ಕೊರಿಯಾ ಹಟ ಹಿಡಿಯಿತು. ಹಾಗಾಗಿ ಅವರನ್ನು ಇಂಚೋನ್ ಬಂದರಿನ ಹಡಗುಗಳಿಂದಲೇ ಹೆಲಿಕಾಪ್ಟರ್‌ಗಳಲ್ಲಿ ಎತ್ತಿ ಸೇನಾಮುಕ್ತ ವಲಯಕ್ಕೆ ಇಳಿಸಬೇಕಾಯಿತು. ಮುಂದೆ ಸೈಪ್ರಸ್‌ನಲ್ಲಿ ಶಾಂತಿಪಡೆಯ ದಂಡನಾಯಕರಾಗಿದ್ದಾಗಲೇ, 1965ರ ಡಿಸೆಂಬರಿನಲ್ಲಿ, ತಿಮ್ಮಯ್ಯನವರು ನಿಧನರಾದರು.

ಇವು ದೂರದ ಕಥೆಗಳೆಂದು ಕರಾವಳಿಯ ನಾವು ಸುಮ್ಮನಿರುವಂತಿಲ್ಲ. ವಿಶ್ವಸಂಸ್ಥೆಯು ಸ್ರೆಬ್ರೆನಿಕಾವನ್ನು ‘ಸುರಕ್ಷಿತ’ವೆಂದು ಘೋಷಿಸಿದ 1993ರ ಏಪ್ರಿಲ್ ತಿಂಗಳಲ್ಲೇ ಭಟ್ಕಳ ಹೊತ್ತಿ ಉರಿಯಲಾರಂಭಿಸಿತ್ತು. ಆ ಅಶಾಂತಿ ತಿಂಗಳುಗಟ್ಟಲೆ ಮುಂದುವರಿಯಿತು; ನ್ಯಾಯಮೂರ್ತಿ ಜಗನ್ನಾಥ ಶೆಟ್ಟಿ ಆಯೋಗ ನೇಮಕವಾಯಿತು. ಅಂದು ಭಟ್ಕಳಕ್ಕೆ ರೈಲು ಇರಲಿಲ್ಲ. ಇಂದು ರೈಲು ಇದೆ, ಅಗಲವಾದ ಹೆದ್ದಾರಿ ಇದೆ. ಆದರೂ ಜಿಲ್ಲಾ ಕೇಂದ್ರವಾದ ಕಾರವಾರ ಭಟ್ಕಳದಿಂದ ನೂರು ಕಿಲೋಮೀಟರಿಗೂ ದೂರ. ನಡುವೆ ಶರಾವತಿ, ಅಘನಾಶಿನಿ, ಗಂಗಾವಳಿ ನದಿಗಳು. ಮೇಲಿನಿಂದ ಬರುವವರಿಗೆ ದೇವಿಮನೆ, ಗೇರುಸೊಪ್ಪೆಗಳ ಘಟ್ಟ. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದಾಗ ಕುಮಟಾ, ಹೊನ್ನಾವರ, ಭಟ್ಕಳಗಳಿಗೂ ಜಿಲ್ಲಾ ಕೇಂದ್ರಕ್ಕೂ ನಡುವಿನ ಹೆದ್ದಾರಿಯೇ ಕಡಿದುಹೋಯಿತು. ಅಂಥ ದಿನ ಗಲಭೆ ಹಬ್ಬಿದ್ದರೆ?

2017ರ ಡಿಸೆಂಬರ್ ಇದಕ್ಕಿಂತ ಕಹಿಯಾದ ಪಾಠ ಕಲಿಸಿದೆ. ಹೊನ್ನಾವರದಲ್ಲಿ ಘರ್ಷಣೆ ನಡೆದ ಬೆನ್ನಿಗೆ ಯುವಕನೊಬ್ಬನ ಶವ ಕೆರೆಯಲ್ಲಿ ದೊರೆಯಿತು. ಅದು ಕೊಲೆಯೆಂಬ ಮಾತು ಮೊಬೈಲ್‌ಗಳಲ್ಲಿ ಹರಿದಾಡಿತು. ಡಿಸೆಂಬರ್ 11ರಂದು ಕುಮಟಾದಲ್ಲಿ ಪಶ್ಚಿಮ ವಲಯ ಐಜಿಪಿಯವರ ವಾಹನಕ್ಕೇ ಬೆಂಕಿ ಬಿತ್ತು. ಮರುದಿನ ಶಿರಸಿಯ ಸರದಿ. ಪೊಲೀಸರು ಒಂದು ಊರಿನಲ್ಲಿ ಕಾವಲು ನಿಲ್ಲುವಷ್ಟರಲ್ಲಿ ವದಂತಿ ಇನ್ನೊಂದು ಊರಿಗೆ ತಲುಪಿರುತ್ತಿತ್ತು. ಅದಕ್ಕೆ ಡೀಸೆಲ್ ಬೇಡ, ಸೇತುವೆ ಬೇಡ. ಐದು ವರ್ಷಗಳ ಬಳಿಕ, 2022ರಲ್ಲಿ, ಅದು ಆಕಸ್ಮಿಕ ಸಾವು ಎಂದು ಸಿಬಿಐ ನ್ಯಾಯಾಲಯಕ್ಕೆ ವರದಿ ಸಲ್ಲಿಸಿತು. ಸತ್ಯವೂ ತಡವಾಗಿ ತಲುಪುವ ಪಡೆಯೇ ಆಯಿತು!

2025ರಲ್ಲಿ ರಾಜ್ಯ ಸರ್ಕಾರವು ಕೋಮು ಹಿಂಸೆಯನ್ನು ತಡೆಯಲೆಂದು 248 ಮಂದಿಯ ವಿಶೇಷ ಕಾರ್ಯಪಡೆಯನ್ನು ರಚಿಸಿತು. ಸ್ವಾಗತಾರ್ಹ ಹೆಜ್ಜೆ. ಆದರೆ ರಚನೆಯ ವೇಳೆ ಅದನ್ನು ಹಂಚಿದ್ದು ದಕ್ಷಿಣ ಕನ್ನಡ, ಉಡುಪಿ, ಶಿವಮೊಗ್ಗಗಳಿಗೆ. ಉತ್ತರ ಕನ್ನಡ ಆ ಪಟ್ಟಿಯಲ್ಲಿರಲಿಲ್ಲ. ಇತಿಹಾಸ ಬಲ್ಲವರಿಗೆ ಇದು ಅಚ್ಚರಿಯೇ ಸರಿ. ಹೊನ್ನಾವರವನ್ನು ಕೇಂದ್ರವಾಗಿಟ್ಟುಕೊಂಡು ಒಂದು ತುಕಡಿ ನೆಲೆಸಿದರೆ ಒಂದೆಡೆ ಕುಮಟಾ, ಇನ್ನೊಂದೆಡೆ ಭಟ್ಕಳ, ಎರಡೂ ಅದಕ್ಕೆ ಹತ್ತಿರ. ಮಳೆಗಾಲಕ್ಕೆ ಮುನ್ನವೇ ಅದರ ವಾಹನ, ವಸತಿ, ಬದಲಿ ಮಾರ್ಗಗಳು ನಿಶ್ಚಯವಾಗಿರಬೇಕು.

ಆದರೆ ಪಡೆಯೊಂದೇ ಪರಿಹಾರವೆಂದು ಭಾವಿಸುವುದು ಭ್ರಮೆ. ಊರಿನ ಭಾಷೆ, ಓಣಿ, ಮುಖಗಳನ್ನು ಅರಿಯದ ಪಡೆಯು ಕೆಲವೊಮ್ಮೆ ಭಯವನ್ನೇ ಹೆಚ್ಚಿಸುತ್ತದೆ. ತಪ್ಪಿತಸ್ಥನನ್ನು ಬಿಟ್ಟು ಕೈಗೆ ಸಿಕ್ಕವನನ್ನು ಹಿಡಿಯುತ್ತದೆ. ಮೊದಲ ಕೆಲವು ಗಂಟೆಗಳಲ್ಲಿ ಸ್ಥಳದಲ್ಲಿರುವವರು ಊರಿನವರು ಮಾತ್ರ. ಮಸೀದಿಯ ಜಮಾಅತ್, ದೇವಸ್ಥಾನದ ಸಮಿತಿ, ಮೀನುಗಾರರ ಸಂಘ, ವರ್ತಕರ ಸಂಘ ಇವರೆಲ್ಲರ ಹಿರಿಯರು ಪರಸ್ಪರರ ಫೋನ್ ಸಂಖ್ಯೆಯನ್ನಾದರೂ ಬಲ್ಲರೇ? ನಮ್ಮ ಶಾಂತಿ ಸಮಿತಿಗಳು ಹಬ್ಬದ ಮುನ್ನಾದಿನ ಠಾಣೆಯಲ್ಲಿ ಚಹಾ ಕುಡಿದು ಚದುರುವ ಸಭೆಗಳಾಗಿಯೇ ಉಳಿಯಬೇಕೇ?

ತನಿಖೆ ನಿಷ್ಪಕ್ಷವಾಗಿ, ಬೇಗನೆ ನಡೆಸುವುದು ಸರ್ಕಾರದ ಹೊಣೆ. ಪರಿಶೀಲಿಸದ ಸಂದೇಶವನ್ನು ಮುಂದಕ್ಕೆ ಕಳುಹಿಸದಂತೆ ಮನೆಯ ಮಕ್ಕಳನ್ನು ತಡೆಯುವುದು ಪ್ರತಿ ಕುಟುಂಬದ ಹೊಣೆ. ನೆರೆಯವನ ಬಾಗಿಲಿಗೆ ಹೋಗಲು ಯಾವ ಮಂಡಳಿಯ ನಿರ್ಣಯವೂ ಬೇಕಿಲ್ಲ. ಊರು ಶಾಂತವಾಗಿರುವಾಗಲೇ ಆ ಹೆಜ್ಜೆಯನ್ನು ಇಡಬೇಕು.