ಕನ್ನಡಕಕ್ಕಾಗಿ ಬಿಟ್ಟ ಮಂತ್ರಿಪದವಿ

ಮಂತ್ರಿಯಾದವರನ್ನು ಅವರು ಗದ್ದುಗೆ ಏರಿದ ದಿನ ನೋಡಿ ಹಾರ ಹಾಕುವುದು ಜನರ ರೂಢಿ. ಇಳಿದ ದಿನ ನೋಡಿ ತೂಗಬೇಕೆಂಬುದು ನಮ್ಮ ವಾದ. ಬ್ರಿಟನ್ನಿನ ಅನೈರಿನ್ ಬೆವನ್ನರ ಬಾಳು ಇದಕ್ಕೆ ಸಾಕ್ಷಿ.

ವೇಲ್ಸ್ ಸೀಮೆಯ ಟ್ರೆಡೀಗರ್ ಎಂಬ ಗಣಿಯೂರಿನಲ್ಲಿ 1897ರಲ್ಲಿ ಹುಟ್ಟಿದ ಬೆವನ್, ಹದಿನೈದು ತುಂಬುವ ಮೊದಲೇ ಕಲ್ಲಿದ್ದಲ ಗಣಿಗೆ ಇಳಿದರು. ಗಣಿಯ ಧೂಳು ಅವರ ತಂದೆಯ ಎದೆಗೂಡನ್ನು ತಿಂದು 1925ರಲ್ಲಿ ಪ್ರಾಣ ತೆಗೆಯಿತು. ಆ ಊರಿನ ಕಾರ್ಮಿಕರು ತಮ್ಮ ಕೂಲಿಯಲ್ಲಿ ಅಷ್ಟಿಷ್ಟು ಮುರಿಸಿಕೊಂಡು ತಮ್ಮದೇ ವೈದ್ಯ ಸಹಾಯ ಸಂಘವನ್ನು ನಡೆಸುತ್ತಿದ್ದರು. ಕಾರ್ಮಿಕ ಸಂಘ, ಸ್ಥಳೀಯ ಸಭೆ, 1929ರಲ್ಲಿ ಪಾರ್ಲಿಮೆಂಟು: ಬೆವನ್ ಹತ್ತಿದ ಮೆಟ್ಟಿಲುಗಳು ಇವು.

1945ರಲ್ಲಿ ಅಟ್ಲಿಯವರ ಸರ್ಕಾರದಲ್ಲಿ ಆರೋಗ್ಯ ಮಂತ್ರಿಯಾದ ಮೇಲೆ ಅವರು ಆ ಪುಟ್ಟ ಸಂಘವನ್ನು ಮರೆಯಲಿಲ್ಲ. ವೈದ್ಯರ ಸಂಘದ ವಿರೋಧವನ್ನು ಎದುರಿಸಿ 1948ರ ಜುಲೈ 5ರಂದು ರಾಷ್ಟ್ರೀಯ ಆರೋಗ್ಯ ಸೇವೆಯನ್ನು ಆರಂಭಿಸಿದರು. ಡಾಕ್ಟರು, ಆಸ್ಪತ್ರೆ, ಔಷಧ, ಕನ್ನಡಕ, ಕಟ್ಟುಹಲ್ಲು ಎಲ್ಲವೂ ಉಚಿತವಾದವು. ಖರ್ಚನ್ನು ಬಹುಪಾಲು ತೆರಿಗೆಯ ಹಣ ಹೊತ್ತಿತು.

1951ರಲ್ಲಿ ಕೊರಿಯಾ ಯುದ್ಧದ ನೆಪದಲ್ಲಿ ಮೂರು ವರ್ಷಕ್ಕೆ 4,700 ಮಿಲಿಯ ಪೌಂಡಿನ ಶಸ್ತ್ರಾಸ್ತ್ರ ಯೋಜನೆ ಸಿದ್ಧವಾಯಿತು. ಅದೇ ವರ್ಷ ಅರ್ಥಮಂತ್ರಿ ಗೇಟ್ಸ್‌ಕೆಲ್ಲರು ಕನ್ನಡಕ ಮತ್ತು ಕಟ್ಟುಹಲ್ಲಿನ ಅರ್ಧ ಬೆಲೆಯನ್ನು ಜನರೇ ತೆರಬೇಕೆಂದರು. ಇದರಿಂದ ಆ ವರ್ಷ ಉಳಿಯುತ್ತಿದ್ದುದು ಸುಮಾರು 13 ಮಿಲಿಯ. ಆಗ ಕಾರ್ಮಿಕ ಮಂತ್ರಿಯಾಗಿದ್ದ ಬೆವನ್ ಏಪ್ರಿಲಿನಲ್ಲಿ ರಾಜೀನಾಮೆ ಕೊಟ್ಟು ಹೊರಬಂದರು.

ಕನ್ನಡಕದಂಥ ಸಣ್ಣ ವಿಷಯಕ್ಕೆ ಪಕ್ಷ ಒಡೆಯಬಹುದೇ ಎಂದು ಕೇಳಿದವರುಂಟು. ಅದೇ ಅಕ್ಟೋಬರಿನಲ್ಲಿ ಕನ್ಸರ್ವೇಟಿವ್ ಪಕ್ಷ ಗೆದ್ದಿತೆಂಬುದೂ ನಿಜ. ಔಷಧಕ್ಕೆ ಶುಲ್ಕ ಹಾಕುವ ಅಧಿಕಾರಕ್ಕೆ 1949ರಲ್ಲಿ ಸ್ವತಃ ಬೆವನ್ನರೇ ಒಪ್ಪಿದ್ದರೆಂಬುದನ್ನೂ ನಾವು ಮುಚ್ಚಿಡುವುದಿಲ್ಲ. ಆದರೆ ನೂಲಿನ ಎಳೆ ಕಾಣದಾದ ಕಾರ್ಮಿಕನನ್ನು, ಲೆಕ್ಕದ ಪುಸ್ತಕ ಓದಲಾಗದ ಅಂಗಡಿಯವನನ್ನು ಕೇಳಿರಿ: ಕನ್ನಡಕ ಸಣ್ಣ ವಿಷಯವೇ? ಬಾಗಿಲು ಒಮ್ಮೆ ಸಡಿಲಾದರೆ ಸಾಕು. 1952ರಲ್ಲಿ ಔಷಧದ ಚೀಟಿಗೂ ಒಂದು ಷಿಲ್ಲಿಂಗು ಬಿದ್ದಿತು.

ಬೆವನ್ 1960ರಲ್ಲಿ ತೀರಿಕೊಂಡರು. ಅವರ ವೇಲ್ಸ್ ಸೀಮೆ 2007ರಲ್ಲಿ ಔಷಧದ ಶುಲ್ಕವನ್ನು ಕಿತ್ತೊಗೆಯಿತು. ವೋಟು ಕೇಳಲು ಬಂದವರಿಗೆ ನಾವು ಹಾಕಬೇಕಾದ ಪ್ರಶ್ನೆ ಒಂದೇ: ಯಾವ ಮಾತಿಗೆ ತಪ್ಪಬೇಕಾಗಿ ಬಂದರೆ ನೀವು ಕುರ್ಚಿ ಬಿಡುತ್ತೀರಿ? ಉತ್ತರವಿಲ್ಲದವರಿಗೆ ನಮ್ಮ ವೋಟೂ ಇಲ್ಲ.